ಮಿಂಚುಳ್ಳಿ ಬಣ್ಣದ ಮಣ್ಣಿನ ಪಾತ್ರೆಗಳು

2007ರಲ್ಲಿ ದಕ್ಷಿಣ ಕೊರಿಯಾದ ಪಶ್ಚಿಮ ಕರಾವಳಿಯ ತೆಆನ್ ಎಂಬಲ್ಲಿ ಬೆಸ್ತನೊಬ್ಬನು ಹಿಡಿದ ಆಕ್ಟೋಪಸ್ ತನ್ನ ತೋಳುಗಳಲ್ಲಿ ಹಸಿರು ತಟ್ಟೆಯೊಂದನ್ನು ಅಪ್ಪಿಕೊಂಡು ಮೇಲೆ ಬಂದಿತು. ಅಲ್ಲಿ ಕಡಲ ತಳವನ್ನು ಶೋಧಿಸಿದಾಗ 12ನೆಯ ಶತಮಾನದಲ್ಲಿ ಮುಳುಗಿದ ಹಡಗೊಂದು ಪತ್ತೆಯಾಯಿತು. ಅದರೊಡನೆ 20,000ಕ್ಕೂ ಹೆಚ್ಚು ಪಾತ್ರೆಗಳು! ಗಾಂಗ್‌ಜಿನ್ ಎಂಬ ಊರಿನ ಆವಿಗೆಗಳಲ್ಲಿ ಸುಟ್ಟು, ರಾಜಧಾನಿ ಕೇಸೊಂಗ್‌ಗೆ ಸಾಗಿಸುತ್ತಿದ್ದ ಸರಕು ಅದು.

ಗೊರ್ಯೊ ರಾಜವಂಶದ (918–1392) ಕಾಲದ ಈ ಪಾತ್ರೆಗಳಿಗೆ ಸೆಲಡಾನ್ ಎಂದು ಹೆಸರು. 1123ರಲ್ಲಿ ಕೊರಿಯಾಕ್ಕೆ ಬಂದಿದ್ದ ಚೀನಾದ ರಾಯಭಾರಿ ಶೂ ಜಿಂಗ್ ಇವುಗಳನ್ನು ಮೆಚ್ಚಿ ಬರೆದಿದ್ದಾನೆ. ಅಲ್ಲಿನ ಜನ ಇದನ್ನು 'ಬಿಸೆಕ್', ಅಂದರೆ ಮಿಂಚುಳ್ಳಿಯ ಬಣ್ಣ, ಎನ್ನುತ್ತಿದ್ದರಂತೆ.

ಈ ಬಣ್ಣ ಬರುವ ಬಗೆಯನ್ನು ವಿದ್ಯಾರ್ಥಿಗಳು ತಿಳಿಯಬೇಕು. ಒಮ್ಮೆ ಸುಟ್ಟ ಪಾತ್ರೆಗೆ, ತುಸು ಕಬ್ಬಿಣದ ಅಂಶವಿರುವ ಮೆರುಗನ್ನು ಬಳಿದು ಸುಮಾರು 1,200 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಮತ್ತೆ ಸುಡುತ್ತಾರೆ. ಒಳಗೆ ಗಾಳಿ ಧಾರಾಳವಾಗಿದ್ದರೆ ಮೆರುಗು ಹಳದಿಗೋ ಕಂದಿಗೋ ತಿರುಗುವುದು. ಗಾಳಿಯನ್ನು ಕಡಿಮೆ ಮಾಡಿದರೆ, ಉರಿಯು ತನಗೆ ಬೇಕಾದ ಆಮ್ಲಜನಕವನ್ನು ಮೆರುಗಿನೊಳಗಿನ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತದೆ. ಆಗ ಬರುವುದೇ ಈ ನೀಲಿ ಬೆರೆತ ಹಸಿರು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಕುಂಬಾರನಿಗೆ ಉರಿಯ ಬಣ್ಣವೇ ಆಧಾರ. ಲೆಕ್ಕ ತಪ್ಪಿದರೆ ಆವಿಗೆಯ ಸರಕೆಲ್ಲ ಹಾಳು.

ಇನ್ನು ಆಕಾರ. ಇಂಜೊಂಗ್ ರಾಜನ (ಮರಣ 1146) ಸಮಾಧಿಯದೆನ್ನಲಾದ ಹೂಜಿಯ ಹೊಟ್ಟೆ ಕರಬೂಜದಂತೆ ಎಸಳೆಸಳಾಗಿದೆ. ಬಾಯಿ ಅರಳಿದ ಹೂವು. ಕಳಲೆಯ ಆಕಾರದ ಗಿಂಡಿಗಳಿವೆ. ಶಾಯಿ ತೇಯುವಾಗ ನೀರು ಹನಿಸಲು ಬಾತುಕೋಳಿಯ ರೂಪದ ಪುಟ್ಟ ಪಾತ್ರೆ, ಮರಿಯನ್ನು ಅಪ್ಪಿದ ತಾಯಿ ಕೋತಿಯ ರೂಪದ ಇನ್ನೊಂದು. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಒಂದು ಧೂಪದಾನಿ. ತಾವರೆ ಎಸಳುಗಳ ನಡುವೆ ಬೆಂಕಿಯ ಸ್ಥಳ, ಮೇಲೆ ಹೊಗೆ ಹೊರಡಲು ಜಾಲರಿಯ ಗುಂಡು ಮುಚ್ಚಳ. ಇಷ್ಟನ್ನೂ ಹೊತ್ತಿರುವವು ಮೂರು ಪುಟಾಣಿ ಮೊಲಗಳು! ಅವುಗಳ ಕಣ್ಣಿಗೆ ಕಪ್ಪು ಚುಕ್ಕೆ ಇಡುವುದನ್ನೂ ಕುಂಬಾರ ಮರೆತಿಲ್ಲ. ಇಡೀ ವಸ್ತುವಿನ ಎತ್ತರ ಸುಮಾರು 15 ಸೆಂಟಿಮೀಟರ್, ಅಂದರೆ ನಿಮ್ಮ ಅಳತೆಪಟ್ಟಿಯ ಅರ್ಧ.

ಮುಂದೆ ಹಸಿಮಣ್ಣಿನಲ್ಲಿ ಕೊಕ್ಕರೆ, ಮೋಡಗಳನ್ನು ಕೊರೆದು, ಆ ಗೆರೆಗಳಲ್ಲಿ ಬಿಳಿ ಹಾಗೂ ಬೇರೆ ಬಗೆಯ ಮಣ್ಣನ್ನು ತುಂಬಿ ಸುಡುವ 'ಸಾಂಗ್‌ಗಮ್' ಎಂಬ ಕೌಶಲವೂ ಬೆಳೆಯಿತು. ಆದರೆ 1231ರಿಂದ ಮಂಗೋಲರ ದಾಳಿಗಳು ನಡೆದವು. 14ನೆಯ ಶತಮಾನದಲ್ಲಿ ಕಡಲುಗಳ್ಳರ ಕಾಟ ಹೆಚ್ಚಿ ಕರಾವಳಿಯ ಕುಂಬಾರರು ಚದುರಿಹೋದರು. ಹೊಸ ರಾಜವಂಶದವರು ಬಿಳಿಯ ಪಾತ್ರೆಗಳನ್ನು ಮೆಚ್ಚಿದರು. ಮಿಂಚುಳ್ಳಿ ಬಣ್ಣದ ವಿದ್ಯೆ ಕೈತಪ್ಪಿತು. 20ನೆಯ ಶತಮಾನದಲ್ಲಿ ಅದನ್ನು ಮತ್ತೆ ಕಲಿಯಬಯಸಿದ ಕೊರಿಯಾದ ಕುಂಬಾರರಿಗೆ ಹಳೆಯ ಆವಿಗೆಗಳ ಬಳಿ ಬಿದ್ದಿದ್ದ ಒಡಕು ಚೂರುಗಳೇ ಪಾಠವಾದವು.