ಸೆಕ್ಷನ್ನಿಗೆ ಮುಂಚೆ ಪಹಣಿ

ಮಾಧವ ಮೆನನ್ ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಐದು ವರ್ಷದ ಪದವಿ ಶುರುಮಾಡಿದಾಗ ಇತಿಹಾಸ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳೂ ಕಾನೂನಿನ ಪಕ್ಕದಲ್ಲೇ ಕೂತವು. ಅವು ಯಾಕೆ ಬೇಕು ಎಂಬುದು ನನಗೆ ಮನದಟ್ಟಾದದ್ದು ಮಾತ್ರ ನಮ್ಮ ಕಾಲೇಜಿನ ಉಚಿತ ಕಾನೂನು ನೆರವು ಕೇಂದ್ರದಲ್ಲಿ, ವಿದ್ಯಾರ್ಥಿಗಳ ಜೊತೆ ಕೂತಾಗ. ಅಲ್ಲಿ ಕಲಿತ ಪಾಠಗಳು ಇವು.

1. ಕಕ್ಷಿದಾರರ ಮಾತು ಪೂರ್ತಿ ಮುಗಿಯಲಿ. "ಅಪ್ಪ ತೀರ್ಕೊಂಡ ಮೇಲೆ ಅಣ್ಣ ಜಮೀನೆಲ್ಲಾ ತನ್ನ ಹೆಸರಿಗೇ ಮಾಡಿಸ್ಕೊಂಡವ್ನೆ ಸಾ" ಎಂದು ಹೆಣ್ಣುಮಗಳೊಬ್ಬಳು ಹೇಳಿದ ಕೂಡಲೇ ವಿದ್ಯಾರ್ಥಿ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಗೆ ಕೈಹಾಕುತ್ತಾನೆ. ಅದಕ್ಕೂ ಮೊದಲು ಕೇಳಬೇಕಾದ್ದಿದೆ: ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಉಯಿಲು ಇದೆಯೆ? ತಿದ್ದುಪಡಿ ಮುಟ್ಟದಂತೆ, 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪಾಲಾಗಿತ್ತೆ? ಇಷ್ಟು ಕೇಳಿದ ಮೇಲೂ, ಎದ್ದು ಹೊರಡುವಾಗ ಆಕೆ, "ಮದುವೆ ಟೈಮಲ್ಲಿ ಯಾವ್ದೋ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದೆ" ಎನ್ನುತ್ತಾಳೆ. ಅದು ಹಕ್ಕು ಬಿಡುಗಡೆ ಪತ್ರವಾಗಿದ್ದರೆ ಇಡೀ ದಾವೆಯ ದಿಕ್ಕೇ ಬೇರೆ.

2. ಪಹಣಿ ಓದಲು ಬರಬೇಕು. 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ, ಅದು ಯಾವ ಮ್ಯುಟೇಶನ್ನಿನಿಂದ ಬಂತು, 11ರಲ್ಲಿ ಬ್ಯಾಂಕಿನ ಸಾಲ ಇದೆಯೆ ಎಂದು ಬೆರಳಿಟ್ಟು ನೋಡಿಸುತ್ತೇನೆ. ಅಪ್ಪ ತೀರಿಕೊಂಡ ಮೇಲಿನ ಪೌತಿ ಖಾತೆಗೆ ಕೊಟ್ಟ ವಂಶವೃಕ್ಷವನ್ನೂ ತರಿಸಬೇಕು. ಹೆಣ್ಣುಮಕ್ಕಳ ಹೆಸರು ಕಾಣೆಯಾಗುವುದು ಅಲ್ಲೇ. ಖಾತೆ ಬದಲಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ ಎಂಬ ಧೈರ್ಯವನ್ನು ಆಕೆಗೆ ವಿದ್ಯಾರ್ಥಿಯೇ ಹೇಳಲಿ.

3. ವೈದ್ಯರ ಸರ್ಟಿಫಿಕೇಟು ಲೆಕ್ಕದ ಆರಂಭವಷ್ಟೆ. ಅಪಘಾತ ಪರಿಹಾರ ಕಲಿಸುವಾಗ ಸುಪ್ರೀಂ ಕೋರ್ಟಿನ 2011ರ ರಾಜ್‌ಕುಮಾರ್ ತೀರ್ಪನ್ನು ನಾನು ಬಿಡುವುದಿಲ್ಲ. ಅದರ ಉದಾಹರಣೆ ಇದು: ಎಡಗೈ ಕಳೆದುಕೊಂಡರೆ ದೇಹದ ಅಂಗವೈಕಲ್ಯ ಸುಮಾರು ಶೇ. 60 ಇರಬಹುದು. ಆದರೆ ಬಡಗಿಗೋ ಚಾಲಕನಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಇದನ್ನು ಅರಿಯಲು ಮೂಳೆ ವೈದ್ಯರನ್ನೂ ಬಡಗಿಯನ್ನೂ ಒಂದೇ ತರಗತಿಗೆ ಕರೆಸಬೇಕು. ಬಡಗಿ ಉಳಿ ಹಿಡಿದು, ಎಡಗೈಯ ಕೆಲಸವೇನು ಎಂದು ತೋರಿಸಿದರೆ ಮತ್ತೆ ವಿವರಣೆ ಬೇಡ.

4. ದಾವೆಯ ಕರಡು ಕೈಬರಹದಲ್ಲಿರಲಿ. ಜಮೀನಿನ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ತಪ್ಪಿದರೆ ವಿದ್ಯಾರ್ಥಿ ಮತ್ತೆ ಬರೆಯಲಿ.

5. ಬಾರ್ ಕೌನ್ಸಿಲ್‌ನ 2008ರ ನಿಯಮಗಳಲ್ಲಿ ಪ್ರಾಯೋಗಿಕ ಪತ್ರಿಕೆಗಳು ಕಡ್ಡಾಯ. ಅಣಕು ನ್ಯಾಯಾಲಯವಿದೆ, ಎರಡು ವಿಚಾರಣೆಗಳನ್ನು ನೋಡಿ ಬರೆಯುವುದೂ ಇದೆ. ಹಿಂದಿನ ಬ್ಯಾಚಿನವರ ಡೈರಿ ನಕಲು ಮಾಡಿಯೂ ಅಂಕ ಪಡೆಯಬಹುದೆಂಬುದು ನನ್ನ ಸಂಕಟ. ವಿದ್ಯಾರ್ಥಿ ಕೋರ್ಟಿನಲ್ಲಿ ವಾದಿಸುವಂತಿಲ್ಲ, ಪೂರ್ಣಾವಧಿ ಮೇಷ್ಟರೂ ವಕೀಲಿಕೆ ಮಾಡುವಂತಿಲ್ಲ. ಹಾಗಾಗಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಪ್ಯಾನಲ್ ವಕೀಲರು ಜೊತೆಗಿರದಿದ್ದರೆ ನಮ್ಮ ಕೆಲಸ ಸಲಹೆಗೇ ನಿಲ್ಲುತ್ತದೆ.

6. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ವಕೀಲರ ನೆರವು ಉಚಿತ, ಸಹಾಯವಾಣಿ 15100. ಇದು ಹಳ್ಳಿಯವರಿಗೆ ಗೊತ್ತಾಗಬೇಕು. ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟೆ: ನೆರವು ಕೇಂದ್ರವನ್ನು ತಪಾಸಣೆಯ ದಿನವಲ್ಲ, ಸಂತೆಯ ದಿನ ತೆರೆದಿಡಿ.