ನೀರು ಕುಡಿಯದ ಮರದ ಮೀನು

ಗಾಳಕ್ಕೆ ಕಟ್ಟುವ ನಕಲಿ ಮೀನಿಗೆ ಹವ್ಯಾಸಿಗಳು ಲೂರ್ ಎನ್ನುತ್ತಾರೆ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲ 1936ರಲ್ಲಿ ಬೆಂಡು ಕೆತ್ತಿ, ಚಾಕೊಲೇಟಿನ ತಗಡುಹಾಳೆ ಸುತ್ತಿ ಮಾಡಿದ್ದು ಇಂಥದ್ದನ್ನೇ. ಮಂಗಳೂರಿನ ಅಳಿವೆಬಾಗಿಲು, ತಣ್ಣೀರುಬಾವಿ, ಕೂಳೂರಿನ ಸುತ್ತ ಕೆಂಬೇರಿ, ಮುರುಮೀನುಗಳಿಗೆ ಎಸೆಯಲು ಬೂತಾಯಿ ಗಾತ್ರದ, 10 ಸೆಂ.ಮೀ. ಉದ್ದದ ಲೂರ್ ಸಾಕು.

ಮರಕ್ಕೆ ಅಲೆದಾಟ ಬೇಡ. ತೋಟದ ಬೇಲಿಯಲ್ಲಿ, ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲುವ ಹಾಲುವಾಣ, ಅಂದರೆ ತುಳುವಿನ ಪೊಂಗಾರೆ, ಹಗುರ. ಸಣ್ಣ ಚೂರಿಗೂ ಒಗ್ಗುತ್ತದೆ. ಚೆನ್ನಾಗಿ ಒಣಗಿದ, 2.5 ಸೆಂ.ಮೀ. ಚೌಕದ ತುಂಡಿನ ಬದಿಗೆ ಮೀನಿನ ಆಕಾರ ಬರೆದು, ತುಟಿ, ಅಂದರೆ ಲೂರನ್ನು ಆಳಕ್ಕಿಳಿಸುವ ಮೂತಿಯ ಹಲಗೆ, ಕೂರುವ ಸೀಳನ್ನು ತುಂಡು ಚೌಕವಾಗಿರುವಾಗಲೇ ಕೊಯ್ಯಬೇಕು. ದುಂಡಾದ ಮೇಲೆ ಕೊಯ್ದರೆ ಸೀಳು ಓರೆಯಾಗುತ್ತದೆ. ಆಮೇಲೆ ಕೆತ್ತನೆ, ಸ್ಯಾಂಡ್ ಪೇಪರ್. ಹೊಟ್ಟೆಯಡಿ ಉದ್ದಕ್ಕೆ ಸೀಳಿ, ಮೂಗು, ಹೊಟ್ಟೆ, ಬಾಲಗಳಲ್ಲಿ ಕುಣಿಕೆ ಬರುವಂತೆ 1 ಮಿ.ಮೀ. ಸ್ಟೀಲ್ ತಂತಿ ಕೂರಿಸಿ ಎಪಾಕ್ಸಿಯಿಂದ ಮುಚ್ಚಬೇಕು. ಈ ಮೆದು ಮರದಲ್ಲಿ ಸ್ಕ್ರೂ ಕೊಕ್ಕೆಯನ್ನು ನಂಬುವಂತಿಲ್ಲ. ಕೆಂಬೇರಿ ಕಲ್ಲಿನ ಸಂದಿಗೆ ಎಳೆದರೆ ಕಿತ್ತು ಬರುತ್ತದೆ. ತೂಕಕ್ಕೆ ಸೇರಿಸುವ ಸೀಸಕ್ಕೆಂದು ಹೊಟ್ಟೆಯಲ್ಲಿ ಒಂದು ತೂತನ್ನೂ ಈಗಲೇ ಕೊರೆದಿಡಬೇಕು.

ಹೆಚ್ಚಿನವರು ಎಡವುವುದು ಇಲ್ಲಿ: ನೇರ ಬಣ್ಣಕ್ಕೆ ಕೈ ಹಾಕುತ್ತಾರೆ. ಹಾಲುವಾಣ ನೀರು ಹೀರುವ ಮರ. ಮೀನಿನ ಹಲ್ಲು ತಾಗಿದ ಒಂದು ಗೀರು, ತಂತಿ ಹೊರಬರುವ ಕೂದಲೆಳೆಯಷ್ಟು ಸಂದು ಸಾಕು. ಮರ ಉಬ್ಬಿ, ಬಣ್ಣ ಹೆಕ್ಕಳೆ ಎದ್ದು, ವಾರಗಟ್ಟಲೆ ಕೆತ್ತಿದ್ದು ಕೊರಡಾಗುತ್ತದೆ. ಕುರ್ಚಿ ಮೇಜಿಗೆ ಹಚ್ಚುವ ಸ್ಯಾಂಡಿಂಗ್ ಸೀಲರ್ ಇದಕ್ಕೆ ಸಾಲದು, ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ ಬೇಕು. ಹಚ್ಚುವ ಹೊತ್ತೂ ಮುಖ್ಯ. ನೆರಳಲ್ಲಿ ಹಚ್ಚಿ ಬಿಸಿಲಿಗಿಟ್ಟರೆ ಮರದೊಳಗಿನ ಗಾಳಿ ಹಿಗ್ಗಿ ಮೈಮೇಲೆ ಸಾಸಿವೆಯಂಥ ಗುಳ್ಳೆಗಳೇಳುತ್ತವೆ. ಒಡೆದ ಒಂದೊಂದು ಗುಳ್ಳೆಯಿಂದಲೂ ನೀರು ಒಳಗಿಳಿಯುತ್ತದೆ. ತುಂಡನ್ನು ಮೊದಲು ಬಿಸಿಲಲ್ಲಿ ಕಾಯಿಸಿ, ನೆರಳಿಗೆ ತಂದು, ಬೆಚ್ಚಗಿರುವಾಗಲೇ ಹಚ್ಚಬೇಕು. ತಣಿಯುತ್ತ ಮರವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ತುಟಿಯ ಸೀಳಿನ ಒಳಮೈ, ಸೀಸದ ತೂತು, ತಂತಿಯ ಬುಡ ಯಾವುದನ್ನೂ ಬಿಡದೆ ಎರಡು ಸಲ ಹಚ್ಚಬೇಕು. ಆಟಿಯ ಥಂಡಿಯಲ್ಲಿ ಎಪಾಕ್ಸಿಯ ಮೇಲೆ ಜಿಡ್ಡು ಕಟ್ಟುವುದರಿಂದ ಈ ಕೆಲಸವನ್ನು ಮಳೆಗೆ ಮೊದಲೇ ಮುಗಿಸುವುದು ಒಳ್ಳೆಯದು.

ಒಣಗಿದ ಮೇಲೆ ಗಾಳದ ಮುಳ್ಳು, ತುಟಿ ಸಿಕ್ಕಿಸಿ ಬಾಲ್ದಿಯಲ್ಲಿ ತೇಲಿಬಿಟ್ಟು, ಬೆನ್ನು ಮೇಲಾಗಿ ನಿಲ್ಲುವವರೆಗೆ ಸೀಸ ಸೇರಿಸಬೇಕು. ಕಡಲ ನೀರಲ್ಲಿ ತೇಲುವುದು ಮಳೆಗಾಲದ ಫಲ್ಗುಣಿ ಹೊಳೆಯ ಸಿಹಿನೀರಲ್ಲಿ ತುಸು ತಗ್ಗುತ್ತದೆ. ತೂತು ಮುಚ್ಚಿ, ಬೆನ್ನಿಗೆ ಕಡುಬಣ್ಣ, ಹೊಟ್ಟೆಗೆ ಬಿಳಿ, ಮೇಲೆ ಎಪಾಕ್ಸಿ. ಪಾಲಿಕಾರ್ಬೊನೇಟ್ ತುಟಿಯನ್ನು ಕೊನೆಗೆ ಅಂಟಿಸಬೇಕು. ಮುಂದಕ್ಕೆ ಚಾಚಿದಷ್ಟೂ ಲೂರ್ ಆಳಕ್ಕಿಳಿಯುತ್ತದೆ. ಎಳೆಯುವಾಗ ಎಡಕ್ಕೆ ಓಡಿದರೆ ಮೂಗಿನ ಕುಣಿಕೆಯನ್ನು ತುಸುವೇ ಬಲಕ್ಕೆ ಬಗ್ಗಿಸಬೇಕು.