ಹಾಲಿನ ಚೀಟಿ ಓದೋಣ

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಹಸು ಇದೆಯೇ? ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?

ನಮ್ಮ ಅತ್ತೆ ಏಳುವುದು ಐದು ಗಂಟೆಗೆ. ನಮ್ಮದು ಭದ್ರಾವತಿ ಹತ್ತಿರದ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ಎರಡು ಹಸು ಇವೆ. ಒಂದು ಮಲೆನಾಡು ಗಿಡ್ಡ. ಅದು ದಿನಕ್ಕೆ ಒಂದೂವರೆ ಲೀಟರು ಕೊಡುತ್ತದೆ. ಆ ಹಾಲು ಮನೆ ಮಕ್ಕಳಿಗೆ. ಇನ್ನೊಂದು ಜರ್ಸಿ ಮಿಶ್ರತಳಿ. ಅದರ ಹಾಲು ಡೈರಿಗೆ.

ಅತ್ತೆ ಮೊದಲು ಸಗಣಿ ಬಾಚುತ್ತಾರೆ. ಗಂಜಲ ತೊಳೆಯುತ್ತಾರೆ. ಕೆಚ್ಚಲನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸುತ್ತಾರೆ. ಪ್ರತಿ ಮೊಲೆಯಿಂದ ಒಂದೆರಡು ಧಾರೆ ಕಪ್ಪು ಬಟ್ಟೆಯ ಮೇಲೆ ಹಿಂಡಿ ನೋಡುತ್ತಾರೆ. ಗರಣೆ ಕಂಡರೆ ಅದು ಕೆಚ್ಚಲು ಬಾವಿನ ಗುರುತು. ಆ ಹಾಲನ್ನು ಬೇರೆ ಹಾಲಿಗೆ ಸೇರಿಸಬಾರದು. ಪಶು ವೈದ್ಯರನ್ನು ಕರೆಸಬೇಕು. ಹಾಲು ಕರೆದ ಕೂಡಲೇ ಹಸುವಿನ ಮುಂದೆ ಹುಲ್ಲು ಹಾಕುತ್ತಾರೆ. ಮೇವು ತಿನ್ನುತ್ತಾ ಅದು ನಿಂತೇ ಇರುತ್ತದೆ. ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರೊಳಗೆ ಹಸು ಸಗಣಿಯ ಮೇಲೆ ಮಲಗಿದರೆ ರೋಗ ಒಳಗೆ ಹೋಗುತ್ತದೆ.

ಆಮೇಲೆ ಸ್ಟೀಲ್ ಕ್ಯಾನು ಹಿಡಿದು ಡೈರಿಗೆ. ಅಲ್ಲಿ ಹಾಲು ಅಳೆಯುತ್ತಾರೆ. ಯಂತ್ರಕ್ಕೆ ಸ್ವಲ್ಪ ಹಾಲು ಕೊಟ್ಟು ನೋಡುತ್ತಾರೆ. ಒಂದು ಚೀಟಿ ಬರುತ್ತದೆ. ಮೊದಲೆಲ್ಲ ಅತ್ತೆ ಆ ಚೀಟಿಯನ್ನು ಮಡಿಸಿ ದೇವರ ಪಟದ ಹಿಂದೆ ಸಿಕ್ಕಿಸುತ್ತಿದ್ದರು. ಓದಲು ಬರುತ್ತಿರಲಿಲ್ಲ.

"ಫ್ಯಾಟು ಕಮ್ಮಿ ಬಂದಿದೆ ಅಮ್ಮಾ" ಎಂದು ಕಾರ್ಯದರ್ಶಿ ಹೇಳಿದರೆ ಅತ್ತೆಗೆ ಸಿಟ್ಟು. "ಒಂದು ತೊಟ್ಟು ನೀರು ಹಾಕಿಲ್ಲ ಕಣಪ್ಪಾ. ನಮ್ಮ ದುಡ್ಡು ತಿಂತೀರಾ?" ಎಂದು ಜಗಳ ಆಡಿ ಬರುತ್ತಿದ್ದರು.

ಆಮೇಲೆ ಸಂಜೆ ಪಾಠಕ್ಕೆ ಬಂದರು. ಸೊಸೆಯ ಹತ್ತಿರ ಅತ್ತೆ ಕಲಿಯುವುದು ಸುಲಭ ಅಲ್ಲ. ಕಲಿಸುವುದೂ ಸುಲಭ ಅಲ್ಲ, ಬಿಡಿ! ಅಕ್ಷರಕ್ಕಿಂತ ಮೊದಲು ಅವರಿಗೆ ಅಂಕಿ ಬಂತು.

ಒಂದು ದಿನ ಡೈರಿಯಲ್ಲಿ ಚೀಟಿ ಕೈಗೆ ಬಂತು. ಅತ್ತೆ ಅಲ್ಲೇ ನಿಂತು ನೋಡಿದರು. ನಮ್ಮ ಸದಸ್ಯ ಸಂಖ್ಯೆ 72. ಚೀಟಿಯಲ್ಲಿ 27 ಇತ್ತು.

"ಇದು ನಮ್ಮ ನಂಬರಲ್ಲ ಕಣಪ್ಪಾ."

ಕಾರ್ಯದರ್ಶಿ ನೋಡಿದರು. "ಹೌದಲ್ಲಮ್ಮಾ! ಒತ್ತುವಾಗ ತಿರುಗುಮುರುಗು ಆಗಿದೆ" ಎಂದರು. ಪಟದ ಹಿಂದಿನ ಚೀಟಿಗಳನ್ನೂ ತೆಗೆದು ನೋಡಿದೆವು. ಮೂರು ದಿನದಿಂದ ಹಾಗೇ ಆಗಿತ್ತು. 24 ಲೀಟರು ಹಾಲು ಬೇರೆ ಮನೆಯ ಲೆಕ್ಕಕ್ಕೆ ಹೋಗಿತ್ತು. ಆ ವಾರದ ಬಟವಾಡೆಯಲ್ಲಿ ಸರಿ ಮಾಡಿಕೊಟ್ಟರು.

ಅಂದಿನಿಂದ ಅತ್ತೆ ದಿನಾ ಚೀಟಿ ಓದುತ್ತಾರೆ. ಓದಿದಾಗ ಇನ್ನೊಂದು ವಿಷಯ ಕಂಡಿತು. ಬೆಳಗಿನ ಫ್ಯಾಟು 3.3. ಸಂಜೆಯದು 3.9. ದಿನಾ ಹೀಗೇ. ಫ್ಯಾಟು ಅಂದರೆ ಹಾಲಿನ ಜಿಡ್ಡು. ಅದರ ಪಕ್ಕದ ಎಸ್.ಎನ್.ಎಫ್. ಅಂದರೆ ಜಿಡ್ಡು ಬಿಟ್ಟು ಹಾಲಿನಲ್ಲಿರುವ ಉಳಿದ ಸಾರ. ನೀರು ಬೆರೆಸಿದರೆ ಎರಡೂ ಇಳಿಯುತ್ತವೆ. ಇವೆರಡನ್ನೂ ನೋಡಿಯೇ ಹಾಲಿಗೆ ಬೆಲೆ ಕಟ್ಟುತ್ತಾರೆ.

ಹಾಗಾದರೆ ಬೆಳಿಗ್ಗೆ ಜಿಡ್ಡು ಏಕೆ ಕಡಿಮೆ? ರಾತ್ರಿಯ ಬಿಡುವು ಉದ್ದ. ಹಾಲು ಹೆಚ್ಚು ತುಂಬುತ್ತದೆ, ಜಿಡ್ಡು ತೆಳುವಾಗುತ್ತದೆ. ಅದು ಯಾರ ತಪ್ಪೂ ಅಲ್ಲ. ಆದರೆ ಒಂದು ತಪ್ಪು ನಮ್ಮದೇ ಇತ್ತು. ಬೆಳಿಗ್ಗೆ ಅವಸರದಲ್ಲಿ ಅತ್ತೆ ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. ಮೊದಲ ಹಾಲು ತೆಳು, ಕೊನೆಯ ಹಾಲು ಗಟ್ಟಿ. ಜಿಡ್ಡೆಲ್ಲ ಕರುವಿನ ಹೊಟ್ಟೆಗೆ ಹೋಗುತ್ತಿತ್ತು! ಈಗ ಕರುವಿನ ಪಾಲು ಮೊದಲೇ ಕುಡಿಸುತ್ತಾರೆ. ಹೊಟ್ಟೆ ತುಂಬ ಕುಡಿಸುತ್ತಾರೆ. ಆಮೇಲೆ ಕೆಚ್ಚಲು ಬರಿದಾಗುವವರೆಗೆ ಕರೆಯುತ್ತಾರೆ. ಮಳೆಗಾಲದಲ್ಲಿ ಎಳೇ ಹಸಿ ಹುಲ್ಲಿನ ಜೊತೆ ಒಣ ಹುಲ್ಲನ್ನೂ ಹಾಕುತ್ತಾರೆ. ನಾರಿನ ಮೇವು ತಿಂದರೆ ಜಿಡ್ಡು ಏರುತ್ತದೆ. ಬರೀ ಹಿಂಡಿ ಸುರಿದರೆ ಏರುವುದಿಲ್ಲ.

ಕಾರ್ಯದರ್ಶಿ ಜೊತೆ ಈಗ ಜಗಳ ಇಲ್ಲ. ಪ್ರಶ್ನೆ ಮಾತ್ರ ಇದೆ.

ಪಾಠದಲ್ಲಿ ಒಬ್ಬರು ಕೇಳಿದರು. "ಟೀಚರ್, ಫಾರಿನ್ನಲ್ಲಿ ಹಾಲು ಕರೆಯೋದು ಮಿಷನ್ನಂತೆ. ಅಲ್ಲಿ ಹೆಂಗಸರು ಆರಾಮಾಗಿರ್ತಾರಾ?"

ಮಿಷನ್ ಇರುವುದು ನಿಜ. ಸ್ವಿಟ್ಜರ್ಲೆಂಡ್ ಎಂಬ ದೇಶದಲ್ಲಿ ಇಪ್ಪತ್ತು ಮೂವತ್ತು ಹಸು ಇದ್ದರೂ ಅದು ಸಣ್ಣ ಮನೆತನದ ಡೈರಿಯೇ. ಗಂಡ, ಹೆಂಡತಿ, ಮಕ್ಕಳು ಸೇರಿ ದುಡಿಯುತ್ತಾರೆ. ಬೇಸಿಗೆಯಲ್ಲಿ ಹಸುಗಳನ್ನು ಬೆಟ್ಟದ ಮೇಲೆ ಮೇಯಲು ಒಯ್ಯುತ್ತಾರೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅದಕ್ಕೆ ಬೇಸಿಗೆಯಲ್ಲೇ ಹುಲ್ಲು ಕೊಯ್ದು ಒಣಗಿಸಿ ಕೂಡಿಡಬೇಕು. ಅಲ್ಲಿಯೂ ದಿನಕ್ಕೆ ಎರಡು ಹೊತ್ತು ಹಾಲು ಕರೆಯಬೇಕು. ಹಬ್ಬ ಬಂದರೂ ಹಸುವಿಗೆ ರಜೆ ಇಲ್ಲ. ಹಸು ಸಾಕಿದವರಿಗೂ ಇಲ್ಲ.

ಡೆನ್ಮಾರ್ಕ್ ದೇಶದ ಕತೆ ಇನ್ನೂ ಚೆನ್ನಾಗಿದೆ. 1882ರಲ್ಲಿ ಅಲ್ಲಿನ ಒಂದು ಹಳ್ಳಿಯಲ್ಲಿ ರೈತರು ಒಟ್ಟಾಗಿ ಸಹಕಾರಿ ಡೈರಿ ಕಟ್ಟಿದರು. ನಮ್ಮ ದೇಶದಲ್ಲಿ 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಹಾಗೆಯೇ ಸೇರಿದರು. ಅದೇ ಅಮುಲ್. ಕರ್ನಾಟಕದಲ್ಲಿ 1974ರಲ್ಲಿ ಡೈರಿ ಅಭಿವೃದ್ಧಿ ನಿಗಮ ಹುಟ್ಟಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ ಆಯಿತು. ನಂದಿನಿ ಹಾಲು ಅವರದೇ. ನಮ್ಮ ಊರಿನ ಹಾಲು ಹೋಗುವುದು ಮಾಚೇನಹಳ್ಳಿ ಡೈರಿಗೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಕಾಯಿಸಿ, ತಂಪು ಮಾಡಿ, ಪ್ಯಾಕೆಟ್ಟಿಗೆ ತುಂಬುತ್ತಾರೆ. ಶಿವಮೊಗ್ಗ ಪೇಟೆಯ ಹೋಟೆಲಿನ ಕಾಫಿಯಲ್ಲಿ ನಿಮ್ಮ ಹಸುವಿನ ಹಾಲೂ ಇರಬಹುದು!

ಈಗ ಲೆಕ್ಕ ಮಾಡೋಣ. ಇಲ್ಲಿನ ಬೆಲೆಗಳು ಕಲಿಯುವುದಕ್ಕೆ ಹಾಕಿದ್ದು. ಮನೆಯಲ್ಲಿ ನಿಮ್ಮ ಊರಿನ ಬೆಲೆ ಹಾಕಿಕೊಳ್ಳಿ.

ದಿನಕ್ಕೆ 8 ಲೀಟರು. 10 ದಿನಕ್ಕೆ 80 ಲೀಟರು. ಲೀಟರಿಗೆ 35 ರೂಪಾಯಿ ಆದರೆ 2,800 ರೂಪಾಯಿ ಬಂತು. 50 ಕೆ.ಜಿ. ಪಶು ಆಹಾರದ ಒಂದು ಚೀಟಿಲ ಖರ್ಚಾಯಿತು, 1,250. ಹುಲ್ಲಿಗೆ 400. ಖನಿಜ ಮಿಶ್ರಣ, ಔಷಧಿಗೆ 150. ಒಟ್ಟು ಖರ್ಚು 1,800. ಉಳಿದದ್ದು 1,000 ರೂಪಾಯಿ.

ಈ ಲೆಕ್ಕದಲ್ಲಿ ಒಂದು ಖರ್ಚು ಬಿಟ್ಟುಹೋಗಿದೆ. ಯಾವುದು ಹೇಳಿ? ನಿಮ್ಮ ಕೂಲಿ. ಸಗಣಿ ಬಾಚಿದ್ದು, ಹುಲ್ಲು ಹೊತ್ತದ್ದು, ಹಾಲು ಕರೆದದ್ದು. ದಿನಕ್ಕೆ ನಾಲ್ಕು ಗಂಟೆ ಹಿಡಿದರೂ 10 ದಿನಕ್ಕೆ 40 ಗಂಟೆ. ಇದನ್ನು ಹೇಳಿದಾಗ ಪಾಠದ ಜಗುಲಿಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು.

ಹಾಲಿನ ಬೆಲೆ ಬಿಟ್ಟು ಸರ್ಕಾರದ ಪ್ರೋತ್ಸಾಹಧನವೂ ಇದೆ. ಅದು 2008ರಲ್ಲಿ ಲೀಟರಿಗೆ 2 ರೂಪಾಯಿ ಎಂದು ಶುರುವಾಯಿತು. ಆಮೇಲೆ 5 ರೂಪಾಯಿಗೆ ಏರಿತು. ಈ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಯಾರ ಖಾತೆಗೆ? ಸಂಘದಲ್ಲಿ ಯಾರ ಹೆಸರು ಇದೆಯೋ ಅವರ ಖಾತೆಗೆ. ನಮ್ಮ ಮನೆಯಲ್ಲಿ ಅದು ಮಾವನವರ ಹೆಸರು. ಅವರು ಒಂದು ದಿನವೂ ಹಾಲು ಕರೆದವರಲ್ಲ.

ಅತ್ತೆ ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಈ ಮಾತು ತೆಗೆದರು. ಮಾವ ಹೇಳಿದರು, "ಯಾರ ಹೆಸರಲ್ಲಿದ್ರೇನೇ? ದುಡ್ಡು ಮನೆಗೇ ತಾನೆ ಬರೋದು?"

ಅತ್ತೆ ಹೇಳಿದರು, "ಹಂಗಾದ್ರೆ ನನ್ನ ಹೆಸರಲ್ಲೇ ಇರಲಿ ಬಿಡಿ."

ಮಾವ ಉತ್ತರ ಕೊಡಲಿಲ್ಲ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಸದಸ್ಯರಾದರೆ ಹಣ ಮಾತ್ರ ಅಲ್ಲ, ಮತವೂ ಇದೆ. ಒಂದು ಹಸು ಇದ್ದವರಿಗೂ ಒಂದೇ ಮತ, ಹತ್ತು ಇದ್ದವರಿಗೂ ಒಂದೇ ಮತ. ಸಂಘದ ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆ ಮೀಸಲು ಸ್ಥಾನವೂ ಇದೆ. ಹೆಂಗಸರೇ ಸೇರಿ ನಡೆಸುವ ಮಹಿಳಾ ಹಾಲು ಸಂಘಗಳೂ ಇವೆ.

ಸದಸ್ಯತ್ವದ ಅರ್ಜಿಯನ್ನು ನಾನು ಬರೆದೆ. ಅತ್ತೆ ಓದಿ ನೋಡಿದರು. ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. ಮಾವನವರ ಒಪ್ಪಿಗೆಗೆ ಇನ್ನೂ ಕಾಯುತ್ತಿದ್ದೇವೆ.

ಮನೆಯಲ್ಲಿ ಮಾಡಿ:
ನಾಳೆಯ ಹಾಲಿನ ಚೀಟಿ ತನ್ನಿ. ಇವನ್ನು ಹುಡುಕಿ ಪುಸ್ತಕದಲ್ಲಿ ಬರೆಯಿರಿ.
ಸದಸ್ಯರ ಹೆಸರು ............
ಸದಸ್ಯ ಸಂಖ್ಯೆ ............
ಲೀಟರು: ಬೆಳಿಗ್ಗೆ ...... ಸಂಜೆ ......
ಫ್ಯಾಟು: ಬೆಳಿಗ್ಗೆ ...... ಸಂಜೆ ......
ನಿಮ್ಮ ಮನೆಯಲ್ಲಿ ಹಾಲು ಕರೆಯುವವರು ಯಾರು? ............